ಪದಚರ್ಚೆ: ಹಲ್ಲಿನ ‘ಫೆರೂಲ್’ಗೆ ಅಣಸು ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ತಲೆ ತಿನ್ನುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಕೋಡುಬಳೆ ಕಡಿಯುವಾಗ ಅಮ್ಮನ ಕೆಳದವಡೆ ಹಲ್ಲು ಮುರಿಯಿತು. ಮೊದಲೇ ಹುಳುಕು ಹಿಡಿದು ಸಿಮೆಂಟ್ ತುಂಬಿಸಿದ್ದ ಹಲ್ಲು. ಡಾಕ್ಟರು ಎಕ್ಸ್‌ರೇ ನೋಡಿ, “ಬೇರು ಚೆನ್ನಾಗಿದೆ, ಮೂಳೆನೂ ಗಟ್ಟಿ ಇದೆ, ರೂಟ್ ಕೆನಾಲ್ ಮಾಡಬಹುದು. ಆದ್ರೆ ಫೆರೂಲ್ ಸಾಲಲ್ಲ, ತೆಗೆಯೋದೇ ವಾಸಿ” ಅಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ಡಾಕ್ಟರ ಮುಖ ನೋಡಿದೆ.

ವಿಷಯ ಇಷ್ಟು. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಹಾಕುತ್ತಾರೆ. (ಇದನ್ನು ಟೋಪಿ ಅನ್ನೋಕೆ ಹೋಗಬೇಡಿ, ಡಾಕ್ಟರು ಟೋಪಿ ಹಾಕಿದರು ಅಂದರೆ ಅರ್ಥವೇ ಬೇರೆ!) ಕ್ಯಾಪ್ ನಿಲ್ಲಬೇಕಾದರೆ ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಅದನ್ನು ಕ್ಯಾಪ್ ಬಿಗಿಯಾಗಿ ಸುತ್ತಿ ಹಿಡಿದರೆ ಅಗಿಯುವಾಗಿನ ಒತ್ತಡಕ್ಕೆ ಹಲ್ಲು ತಡೆದುಕೊಳ್ಳುತ್ತದೆ. ಹೀಗೆ ಸುತ್ತಿ ಹಿಡಿಯುವ ಕ್ಯಾಪಿನ ಅಂಚೇ ಫೆರೂಲ್. ಇಲ್ಲದಿದ್ದರೆ ಬೇರೊಳಗೆ ಪೋಸ್ಟ್ ಅನ್ನೋ ಸಣ್ಣ ಗೂಟ ನೆಟ್ಟು ಕಟ್ಟಿದರೂ ಒಂದಲ್ಲ ಒಂದು ದಿನ ಕ್ಯಾಪ್ ಕಳಚಬಹುದು, ಇಲ್ಲವೇ ಹಲ್ಲಿನ ಬೇರೇ ಸೀಳಬಹುದು. ಗೀಟು ಹಾಕಿದ ಸಣ್ಣ ಕಡ್ಡಿ ಇಟ್ಟು ಅಳೆದು ತೋರಿಸಿದರು: ಕೆನ್ನೆ ಕಡೆ 3 ಮಿ.ಮೀ. ಇದೆ, ನಾಲಿಗೆ ಕಡೆ ವಸಡಿನ ಮಟ್ಟಕ್ಕೇ ಮುರಿದಿದೆ. ವಸಡು, ಮೂಳೆ ಸ್ವಲ್ಪ ತಗ್ಗಿಸಿ ಹಲ್ಲನ್ನು ಹೊರಗೆ ಕಾಣಿಸುವುದೂ ಉಂಟು, ಆದರೆ ಅಮ್ಮನ ಹಲ್ಲಲ್ಲಿ ಬೇರು ಕವಲೊಡೆಯುವ ಜಾಗ ತೀರಾ ಮೇಲೇ ಇದೆ, ಅಲ್ಲಿ ಮೂಳೆ ಕೆರೆದರೆ ಕವಲು ಬಯಲಾಗಿ ಇನ್ನೊಂದು ರಾಮಾಯಣ.

ಎಲ್ಲ ಕೇಳಿಸಿಕೊಂಡ ಅಮ್ಮ, “ಒನಕೆಗೆ ಅಣಸು ಇದ್ದ ಹಾಗೆ ಅನ್ನಿ” ಅಂದಳು. ಒನಕೆಯ ತುದಿ ಸೀಳದಿರಲಿ ಅಂತ ಹಾಕುವ ಕಬ್ಬಿಣದ ಬಳೆ. ಇಂಗ್ಲಿಷಿನಲ್ಲೂ ಕೋಲಿನ, ಛತ್ರಿಯ ತುದಿಯ ಲೋಹದ ಬಳೆಗೆ ಫೆರೂಲ್ ಅಂತಲೇ ಹೆಸರು, ಅದರ ಲ್ಯಾಟಿನ್ ಮೂಲದ ಅರ್ಥವೂ ಪುಟ್ಟ ಕೈಬಳೆ. ನನಗೆ ಕುಣಿಯುವಷ್ಟು ಖುಷಿ ಆಯಿತು.

ಒಂದೇ ತೊಡಕು. ಅಣಸು ಅಂದರೆ ಬಳೆ, ಅಂದರೆ ಇಲ್ಲಿ ಕ್ಯಾಪಿನ ಅಂಚು. ಆದರೆ ಕ್ಲಿನಿಕ್ಕಿನಲ್ಲಿ “ಫೆರೂಲ್ ಇಲ್ಲ” ಅನ್ನುವಾಗ ಅವರು ಹೇಳುತ್ತಿರುವುದು ಬಳೆಯ ಮಾತಲ್ಲ, ಬಳೆ ಹಿಡಿಯಬೇಕಾದ ಹಲ್ಲಿನ ಗೋಡೆಯ ಮಾತು. ಹಾಗಾಗಿ “ಅಣಸು ಕೂರೋಕೆ ಹಲ್ಲಿಲ್ಲ” ಅನ್ನಬೇಕಾಗುತ್ತದೆ, ಅಲ್ವಾ? ಆ ಗೋಡೆಗೇ ಒಂದು ಚಿಕ್ಕ ಹೆಸರು ಬೇಕು. ಸುಮ್ನೆ ಸಂಸ್ಕೃತದಿಂದ ಕಟ್ಟಿ ಕೊಡಬೇಡಿ, ಅಮ್ಮನಿಗೆ ಅರ್ಥವಾಗಬೇಕು.

ನಿಮ್ಮ ಕಡೆ ಅಣಸು ಅನ್ನೋ ಪದ ಬಳಕೆಯಲ್ಲಿ ಇದೆಯಾ? ಗುದ್ದಲಿ, ಕುಡುಗೋಲಿನ ಹಿಡಿಗೆ ಹಾಕುವ ಬಳೆಗೂ ಅದೇ ಹೆಸರಾ? ಹಲ್ಲು ತೆಗೆಸೋದು ಗುರುವಾರ. ಅಷ್ಟರೊಳಗೆ ಹೇಳಿದರೆ ಡಾಕ್ಟರ ಕಿವಿಗೂ ಹಾಕಿ ಬರುತ್ತೇನೆ.