ಹೊಸ 911 ಜಿಟಿಎಸ್ ಹೈಬ್ರಿಡ್: ನಿಮ್ಮ ಪ್ರಶ್ನೆ, ಗ್ಯಾರೇಜ್ ಮೇಷ್ಟ್ರ ಉತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೇ 28, 2024ರಂದು ಪೋರ್ಶೆ ತನ್ನ 911 ಸ್ಪೋರ್ಟ್ಸ್ ಕಾರಿನ ಹೊಸ ಕರೆರಾ ಜಿಟಿಎಸ್ ಮಾದರಿ ತೋರಿಸಿದ ಮೇಲೆ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ರಸ್ತೆಗೆ ಬಂದ ಮೊದಲ ಹೈಬ್ರಿಡ್ 911 ಇದು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವಂಥದ್ದು. ಹತ್ತು ಕಡೆ ಕೇಳುವ ಬದಲು ಪ್ರಶ್ನೆಗಳನ್ನೆಲ್ಲ ಇಲ್ಲೇ ಹಾಕಿ. ನಮ್ಮ ಮೇಷ್ಟ್ರು ಜರ್ಮನಿಯಲ್ಲಿ ಹೈವೋಲ್ಟೇಜ್ ಕಾರುಗಳ ರಿಪೇರಿ ಮಾಡುವವರು, ಬಿಡುವಾದಾಗ ಉತ್ತರ ಕೊಡುತ್ತಾರೆ. ಅವರು ಯಾವ ಕಂಪನಿಯ ವಕ್ತಾರರೂ ಅಲ್ಲ. ದಯವಿಟ್ಟು ಜಗಳ ಬೇಡ.

ಮೂರ್‌ಪೆಡಲ್: ಮೇಷ್ಟ್ರೇ, ಮೊದಲ ಪ್ರಶ್ನೆ ನಂದೇ. ಜಿಟಿಎಸ್‌ನಲ್ಲಿ ಮ್ಯಾನುವಲ್ ಗೇರ್ ಸಿಗುತ್ತಾ?

ಗ್ಯಾರೇಜ್ ಮೇಷ್ಟ್ರು: ಇಲ್ಲ. ಎಲೆಕ್ಟ್ರಿಕ್ ಮೋಟಾರನ್ನು ಎಂಟು ಗೇರಿನ ಪಿಡಿಕೆ ಅನ್ನೋ ಆಟೊಮ್ಯಾಟಿಕ್ ಬಾಕ್ಸ್ ಒಳಗೇ ಕೂರಿಸಿದ್ದಾರೆ. ಆ ಬಾಕ್ಸ್ ಬಿಟ್ಟರೆ ಈ ಹೈಬ್ರಿಡ್ ವ್ಯವಸ್ಥೆಯೇ ಇಲ್ಲ.

ಹೊಸಬ: ಸರ್, ಮನೆಯಲ್ಲೇ ಚಾರ್ಜ್ ಮಾಡಬಹುದಾ? ಬರೀ ಬ್ಯಾಟರಿಯಲ್ಲಿ ಎಷ್ಟು ಕಿಲೋಮೀಟರ್ ಓಡುತ್ತೆ?

ಗ್ಯಾರೇಜ್ ಮೇಷ್ಟ್ರು: ಚಾರ್ಜ್ ಮಾಡಲು ಪ್ಲಗ್ಗೇ ಇಲ್ಲ. ಬರೀ ಕರೆಂಟಿನಲ್ಲಿ ಓಡೋದೂ ಇಲ್ಲ. ಬ್ಯಾಟರಿ 1.9 ಕಿಲೋವ್ಯಾಟ್ ಅವರ್, ಗಾತ್ರದಲ್ಲಿ ಸಾಮಾನ್ಯ 12 ವೋಲ್ಟ್ ಬ್ಯಾಟರಿಯಷ್ಟೇ. ಪೆಟ್ರೋಲ್ ಉಳಿಸೋಕೆ ಮಾಡಿದ ಹೈಬ್ರಿಡ್ ಅಲ್ಲ ಇದು.

ಲೆಕ್ಕದ ಮನುಷ್ಯ: ಹಳೆಯ ಜಿಟಿಎಸ್‌ನಲ್ಲಿ ಎರಡು ಟರ್ಬೊ ಇತ್ತು. ಈಗ ಒಂದೇ. ವೇಸ್ಟ್‌ಗೇಟೂ ಇಲ್ಲ ಅಂತಿದ್ದಾರೆ. ಹಾಗಾದರೆ ಹೆಚ್ಚಾದ ಹೊಗೆಯ ಒತ್ತಡ ಎಲ್ಲಿಗೆ ಹೋಗುತ್ತೆ? ಸುಮ್ನೆ ಕುತೂಹಲ.

ಗ್ಯಾರೇಜ್ ಮೇಷ್ಟ್ರು: ಕೇಳಬೇಕಾದ ಪ್ರಶ್ನೆ ಅಂದರೆ ಇದು. ಸ್ವಲ್ಪ ಉದ್ದ ಬರೆಯುತ್ತೇನೆ.

ಟರ್ಬೊ ಅಂದರೆ ಒಂದೇ ಶಾಫ್ಟಿನ ಎರಡು ತುದಿಯಲ್ಲಿ ಎರಡು ಚಕ್ರ. ಎಂಜಿನ್ನಿನ ಹೊಗೆ ಒಂದನ್ನು ತಿರುಗಿಸುತ್ತೆ, ಇನ್ನೊಂದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತಳ್ಳುತ್ತೆ. ಚಕ್ರ ಚಿಕ್ಕದಾದರೆ ಬೇಗ ತಿರುಗುತ್ತೆ, ಆದರೆ ಎಂಜಿನ್ ಜೋರಾಗಿ ಓಡುವಾಗ ಉಸಿರು ಕಟ್ಟುತ್ತೆ. ದೊಡ್ಡದಾದರೆ ಮೇಲೆ ಚೆನ್ನಾಗಿ ಉಸಿರಾಡುತ್ತೆ, ಕೆಳಗೆ ಮಾತ್ರ ಪೆಡಲ್ ಒತ್ತಿ ಕಾಯಬೇಕು. ಅದೇ ಲ್ಯಾಗ್. ಈ ಕಷ್ಟಕ್ಕೇ ಹಳೆಯದರಲ್ಲಿ ಎರಡು ಚಿಕ್ಕ ಟರ್ಬೊ ಇಟ್ಟಿದ್ದರು.

ಹೊಸದರಲ್ಲಿ ಆ ಎರಡು ಚಕ್ರಗಳ ಮಧ್ಯೆ, ಅದೇ ಶಾಫ್ಟಿನ ಮೇಲೆ, ಒಂದು ಎಲೆಕ್ಟ್ರಿಕ್ ಮೋಟಾರ್ ಇದೆ. ನೀವು ಪೆಡಲ್ ಒತ್ತಿದ ಕೂಡಲೇ ಹೊಗೆಗೆ ಕಾಯದೆ ಮೋಟಾರೇ ಚಕ್ರವನ್ನು ಎಬ್ಬಿಸುತ್ತೆ. ಅದಕ್ಕೇ ಒಂದೇ ದೊಡ್ಡ ಟರ್ಬೊ ಸಾಕಾಯಿತು.

ಈಗ ನಿಮ್ಮ ಪ್ರಶ್ನೆಗೆ. ಬೇರೆ ಕಾರಿನಲ್ಲಿ ಒತ್ತಡ ಹೆಚ್ಚಾದಾಗ ವೇಸ್ಟ್‌ಗೇಟ್ ತೆರೆದು ಹೊಗೆಯನ್ನು ಪಕ್ಕದಿಂದ ಬಿಟ್ಟುಬಿಡುತ್ತಾರೆ. ದುಡ್ಡು ಕೊಟ್ಟು ಸುಟ್ಟ ಪೆಟ್ರೋಲಿನ ಶಾಖ ಹಾಗೇ ಹೊರಗೆ. ಇಲ್ಲಿ ಅದೇ ಮೋಟಾರ್ ಜನರೇಟರ್ ಆಗಿ ಶಾಫ್ಟನ್ನು ತಡೆಯುತ್ತೆ. ತಡೆದಾಗ 11 ಕಿಲೋವ್ಯಾಟ್‌ವರೆಗೆ ಕರೆಂಟ್ ಹುಟ್ಟುತ್ತೆ. ಅದು ಬ್ಯಾಟರಿಗೆ ಹೋಗಬಹುದು, ಇಲ್ಲವೇ ನೇರ ಗೇರ್‌ಬಾಕ್ಸಿನ 40 ಕಿಲೋವ್ಯಾಟ್ ಮೋಟಾರಿಗೆ. ಹೊಗೆ ಬಿಡುವ ಆ ಬಾಗಿಲೇ ಬೇಡವಾಯಿತು.

ಇನ್ನೂ ಒಂದು ವಿಷಯ ಯಾರೂ ಗಮನಿಸಿಲ್ಲ. ಎಸಿ ಕಂಪ್ರೆಸರ್ ಈಗ ಬೆಲ್ಟಿನಿಂದ ಓಡಲ್ಲ, 400 ವೋಲ್ಟಿನಿಂದ ಓಡುತ್ತೆ. ಬೆಲ್ಟ್ ಹೋಯಿತು, ಎಂಜಿನ್ 110 ಮಿಲಿಮೀಟರ್ ಕುಳ್ಳಗಾಯಿತು. ಉಳಿದ ಜಾಗದಲ್ಲಿ ಇನ್ವರ್ಟರ್ ಮತ್ತು ಡಿಸಿ ಕನ್ವರ್ಟರ್ ಕೂತಿವೆ. ಫೋಟೋ ನೋಡಿದಾಗ ನನಗೆ ಟರ್ಬೊಗಿಂತ ಇದೇ ಹೆಚ್ಚು ಖುಷಿ ಕೊಟ್ಟಿತು.

ಲೆಕ್ಕದ ಮನುಷ್ಯ: ಥ್ಯಾಂಕ್ಸ್ ಮೇಷ್ಟ್ರೇ. ಅಷ್ಟೆಲ್ಲ ಮಾಡಿ ಎಂಜಿನ್ ಯಾಕೆ 3 ಲೀಟರಿನಿಂದ 3.6ಕ್ಕೆ ಹೋಯಿತು?

ಗ್ಯಾರೇಜ್ ಮೇಷ್ಟ್ರು: ಮೊದಲೆಲ್ಲ ಟರ್ಬೊ ಎಂಜಿನ್ನುಗಳು ಪೂರ್ತಿ ಪೆಡಲಿನಲ್ಲಿ ಜಾಸ್ತಿ ಪೆಟ್ರೋಲ್ ಸುರಿದು ತಮ್ಮನ್ನೇ ತಂಪು ಮಾಡಿಕೊಳ್ಳುತ್ತಿದ್ದವು. ಈ ಎಂಜಿನ್ ಯಾವ ವೇಗದಲ್ಲೂ ಗಾಳಿ–ಪೆಟ್ರೋಲ್ ಪ್ರಮಾಣವನ್ನು ಸರಿಯಾಗಿ ಲ್ಯಾಂಬ್ಡಾ 1ರಲ್ಲೇ ಇಡುತ್ತೆ, ಅಂದರೆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ. ಹೊಗೆ ಶುದ್ಧವಾಗಿರಬೇಕಲ್ಲ. ಅದರಿಂದ ಹೋಗುವ ಶಕ್ತಿಯನ್ನು ಗಾತ್ರದಿಂದ ತುಂಬಿದ್ದಾರೆ. ಸಿಲಿಂಡರಿನ ಅಗಲ (ಬೋರ್) 97, ಪಿಸ್ಟನ್ ಓಡುವ ದೂರ (ಸ್ಟ್ರೋಕ್) 81 ಮಿಲಿಮೀಟರ್. ಎಂಜಿನ್ ಒಂದೇ 485 ಪಿಎಸ್ (ಅಶ್ವಶಕ್ತಿ), ಎಲ್ಲ ಸೇರಿ 541.

ಎಂ ಪವರ್ ಭಕ್ತ: ಫಾರ್ವರ್ಡ್ ಬಂದಿದೆ: "ವಿಶ್ವದಲ್ಲೇ ಮೊದಲ ಎಲೆಕ್ಟ್ರಿಕ್ ಟರ್ಬೊ ಕಾರು! ಎಲ್ಲರಿಗೂ ಹಂಚಿ!"

ಗ್ಯಾರೇಜ್ ಮೇಷ್ಟ್ರು: ಹಂಚಬೇಡಿ. 2022ರಲ್ಲೇ ಮರ್ಸಿಡೀಸ್‌ನ ಎಎಂಜಿ ಎಸ್‌ಎಲ್ 43 ಎಲೆಕ್ಟ್ರಿಕ್ ಟರ್ಬೊ ಇಟ್ಟುಕೊಂಡು ಬಂತು. ಹೊಗೆಯಿಂದ ಕರೆಂಟ್ ತೆಗೆಯುವ ಕೆಲಸ ಫಾರ್ಮುಲಾ 1ರಲ್ಲಿ 2014ರಲ್ಲೇ ಬಂದಿತ್ತು. ಪೋರ್ಶೆಯ 919 ರೇಸ್ ಕಾರೂ ಅದನ್ನು ಮಾಡುತ್ತಿತ್ತು.

ಗಾಳಿತಂಪು 993: ಏನೇ ಹೇಳಿ, ಹೈಬ್ರಿಡ್ ಆದ ದಿನವೇ 911 ಸತ್ತುಹೋಯಿತು.

ಆಟೋಬಾನ್ ಅಕ್ಕ: ಎಷ್ಟನೇ ಸಲ ಸಾಯೋದು ಸ್ವಾಮಿ? 1997ರಲ್ಲಿ 911ರ 996 ತಲೆಮಾರಿಗೆ ನೀರಿನ ಕೂಲಿಂಗ್ ಬಂದಾಗಲೂ ಸತ್ತಿತ್ತು. 2015ರಲ್ಲಿ ಸಾದಾ ಕರೆರಾಗೂ ಟರ್ಬೊ ಹಾಕಿದಾಗ ಮತ್ತೆ ಸತ್ತಿತ್ತು.

ಗಾಳಿತಂಪು 993: ಅಕ್ಕಾ, ನೀವು ಏರ್ ಕೂಲ್ಡ್ ಓಡಿಸಿಲ್ಲ ಅನ್ನೋದು ಗೊತ್ತಾಗುತ್ತೆ. ಈಗ ನೋಡಿ, ಮಧ್ಯದಲ್ಲಿದ್ದ ಮುಳ್ಳಿನ ಆರ್‌ಪಿಎಂ ಮೀಟರನ್ನೂ ಕಿತ್ತು ಸ್ಕ್ರೀನ್ ಹಾಕಿದ್ದಾರೆ. ತಿರುಗಿಸಿ ಸ್ಟಾರ್ಟ್ ಮಾಡುವ ಗುಂಡಿಯೂ ಹೋಯಿತು, ಒತ್ತುವ ಬಟನ್ ಬಂತು. ಆ ಮುಳ್ಳಿನ ಮೀಟರ್ 1963ರಿಂದ ಇದ್ದದ್ದು.

ಆಟೋಬಾನ್ ಅಕ್ಕ: ಮೀಟರ್ ಹೋಗಿದ್ದಕ್ಕೆ ನನಗೂ ಬೇಜಾರಿದೆ. ಅದಕ್ಕೂ ಹೈಬ್ರಿಡ್‌ಗೂ ಏನು ಸಂಬಂಧ? ಹೈಬ್ರಿಡ್ ಇಲ್ಲದ ಸಾದಾ ಕರೆರಾದಲ್ಲೂ ಹೋಗಿದೆ.

ಎಂ ಪವರ್ ಭಕ್ತ: ತೂಕದ ಬಗ್ಗೆ ಯಾರೂ ಮಾತಾಡ್ತಿಲ್ಲ. ಹೈಬ್ರಿಡ್ ಅಂದ ಮೇಲೆ ಎರಡು ಟನ್ ಗ್ಯಾರಂಟಿ.

ಲೆಕ್ಕದ ಮನುಷ್ಯ: ಓದಿ ಬನ್ನಿ. 1,595 ಕೆ.ಜಿ. ಹಳೆಯದಕ್ಕಿಂತ 50 ಜಾಸ್ತಿ, ಅಷ್ಟೇ. ಎರಡು ಟನ್ ದಾಟಿದ್ದು ನಾಲ್ಕು ಸಿಲಿಂಡರಿನ ಮರ್ಸಿಡೀಸ್ ಹೈಬ್ರಿಡ್ ಸಿ63.

ಎಂ ಪವರ್ ಭಕ್ತ: ಹಿಂದಿನ ಸೀಟು ಕಿತ್ತು ತೂಗಿದ್ದಾರೆ!

ಲೆಕ್ಕದ ಮನುಷ್ಯ: ಸೀಟು ಬೇಕು ಅಂದರೆ ಪುಕ್ಕಟೆ ಹಾಕಿಕೊಡುತ್ತಾರೆ. ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್ಬರ್ಗ್‌ರಿಂಗ್‌ನಲ್ಲಿ 7 ನಿಮಿಷ 16.934 ಸೆಕೆಂಡ್, ಹಳೆಯದಕ್ಕಿಂತ 8.7 ಸೆಕೆಂಡ್ ಕಮ್ಮಿ. ಇದಕ್ಕೇನಂತೀರಾ?

ಎಂ ಪವರ್ ಭಕ್ತ: ಟೈರು ಯಾವುದು, ಡ್ರೈವರ್ ಯಾರು, ಅದನ್ನೂ ಹೇಳಿ. ಪೋರ್ಶೆಯ ರೇಸ್ ಡ್ರೈವರ್ ಯೋರ್ಗ್ ಬೆರ್ಗ್‌ಮೈಸ್ಟರ್ ಕೂತರೆ ನಮ್ಮ ಟ್ಯಾಕ್ಸಿಯೂ ಓಡುತ್ತೆ.

ನೆಲಮಾಳಿಗೆ: ನಮಸ್ಕಾರ ಮೇಷ್ಟ್ರೇ. ಜಿಟಿಎಸ್ ಕೊಳ್ಳೋ ಶಕ್ತಿ ನನಗಿಲ್ಲ, ಆದರೆ ಈ ಹೈಬ್ರಿಡ್ ತಂತ್ರ ಕೈಯಾರೆ ಕಲಿಯುವ ಆಸೆ. ಅದಕ್ಕೇ ಹರಾಜಿನಲ್ಲಿ ಅಪಘಾತವಾದ ಒಂದು ಪ್ಲಗ್‌ಇನ್ ಹೈಬ್ರಿಡ್ ಕೂಪೆ ತಗೊಂಡೆ, ಬೇರೆ ಕಂಪನಿಯದು. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದೇನೆ. ತಳ ಸ್ವಲ್ಪ ಉಜ್ಜಿದೆ. ಆನ್ ಮಾಡಿದರೆ ಇನ್ಸುಲೇಶನ್ ದೋಷ ಅಂತ ಮೆಸೇಜ್. ನಿನ್ನೆಯಿಂದ ಹಿಂದಿನ ಸೀಟಿನ ಹತ್ತಿರ ಸಿಹಿ ಸಿಹಿ ವಾಸನೆ. ಒಂದು ವೀಡಿಯೊ ಫಾರ್ವರ್ಡ್ ಬಂದಿದೆ: 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತೆಗೆದು ಐದು ನಿಮಿಷ ಕಾದರೆ ಹೈವೋಲ್ಟೇಜ್ ಪೂರ್ತಿ ಸತ್ತಂತೆ, ಆಮೇಲೆ ಕಿತ್ತಳೆ ವೈರ್ ಬಿಚ್ಚಬಹುದು ಅಂತ. ಈ ಶನಿವಾರ ಬಿಚ್ಚೋಣ ಅಂದುಕೊಂಡಿದ್ದೇನೆ. ಗ್ಲೌಸ್ ಯಾವುದು ತಗೊಳ್ಳಲಿ?

ಮೂರ್‌ಪೆಡಲ್: ಸೂಪರ್ ಗುರು, ವೀಡಿಯೊ ಮಾಡಿ ಹಾಕು!

ಗ್ಯಾರೇಜ್ ಮೇಷ್ಟ್ರು: ಗ್ಲೌಸ್ ಬೇಡ. ನೆಲಮಾಳಿಗೆಯವರೇ, ಇದನ್ನು ಓದಿದ ಕೂಡಲೇ ಮಾಡಬೇಕಾದ ಕೆಲಸ ಹೇಳುತ್ತೇನೆ. ಆ ಕಾರಿನ ಹತ್ತಿರ ಹೋಗಬೇಡಿ. ಆನ್ ಮಾಡಬೇಡಿ, ಚಾರ್ಜ್ ಮಾಡಬೇಡಿ, ನೀವೇ ಓಡಿಸಿ ಹೊರಗೆ ತರಲೂ ಬೇಡಿ. ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಅಪಘಾತವಾದ ಹೈಬ್ರಿಡ್, ನೆಲಮಾಳಿಗೆ, ಬ್ಯಾಟರಿ ಹತ್ತಿರ ವಾಸನೆ, ಈ ಮೂರೂ ಮಾತು ಹೇಳಿ. ಆಮೇಲೆ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರಿಗೆ ತಿಳಿಸಿ.

ಯಾಕೆ ಅಂತ ಕೇಳಿ. ಲಿಥಿಯಂ ಸೆಲ್ ಒಳಗಿನ ದ್ರವಕ್ಕೆ ಸಿಹಿ ವಾಸನೆ ಇರುತ್ತೆ. ಕೂಲೆಂಟಿಗೂ ಸಿಹಿ ವಾಸನೆ ಇರುತ್ತೆ. ಮೂಗಿನಿಂದ ಯಾವುದು ಅಂತ ಹೇಳೋಕೆ ನನ್ನಿಂದಲೂ ಆಗಲ್ಲ. ಮೊದಲನೆಯದಾದರೆ ಸೆಲ್ ಒಡೆದಿದೆ. ಎರಡನೆಯದಾದರೆ ಕೂಲೆಂಟ್ ಬ್ಯಾಟರಿ ಪೆಟ್ಟಿಗೆಯೊಳಗೆ ಸೋರಿರಬಹುದು, ಇನ್ಸುಲೇಶನ್ ಮೆಸೇಜ್ ಬರೋದೂ ಹಾಗೇ. ಎರಡೂ ಕೆಟ್ಟದ್ದೇ. ಪೆಟ್ಟು ಬಿದ್ದ ಸೆಲ್ ಅವತ್ತೇ ಹೊತ್ತಿಕೊಳ್ಳಬೇಕು ಅಂತಿಲ್ಲ, ದಿನಗಳು ಕಳೆದ ಮೇಲೂ ಬಿಸಿಯಾಗಬಹುದು. ಒಂದು ಬಿಸಿಯಾಗಿ ಪಕ್ಕದ್ದನ್ನು ಬಿಸಿ ಮಾಡುತ್ತಾ ಹೋಗುತ್ತೆ. ಮೇಲೆ ಜನ ಮಲಗಿದ್ದಾರೆ.

ಈಗ ಆ ವೀಡಿಯೊ. 12 ವೋಲ್ಟ್ ತೆಗೆದರೆ ಬ್ಯಾಟರಿಯನ್ನು ಹೊರಗಿನ ವೈರಿನಿಂದ ಬೇರೆ ಮಾಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್‌ಗಳು ತೆರೆದುಕೊಳ್ಳಬೇಕು, ನಿಜ. ಆದರೆ ತೆರೆದಿವೆ ಅಂತ ಯಾರು ನೋಡಿದರು? ಪೆಟ್ಟು ಬಿದ್ದ ಕಾರಿನಲ್ಲಿ ಅವು ಅಂಟಿಕೊಂಡಿರಬಹುದು. ತೆರೆದಿದ್ದರೂ ಸತ್ತಿರೋದು ಹೊರಗಿನ ಕಿತ್ತಳೆ ವೈರ್ ಮಾತ್ರ, ಪೆಟ್ಟಿಗೆಯೊಳಗಿನ ಸೆಲ್‌ಗಳಿಗೆ ಸ್ವಿಚ್ಚೇ ಇಲ್ಲ. ನಾವು ವರ್ಕ್‌ಶಾಪಿನಲ್ಲಿ ಮೊದಲು ಆಫ್ ಮಾಡುತ್ತೇವೆ, ಮತ್ತೆ ಯಾರೂ ಆನ್ ಮಾಡದಂತೆ ಬೀಗ ಹಾಕುತ್ತೇವೆ, ಆಮೇಲೆ ವೋಲ್ಟೇಜ್ ಇಲ್ಲ ಅನ್ನೋದನ್ನು ಟೆಸ್ಟರಿನಿಂದ ಅಳೆಯುತ್ತೇವೆ. ಅಳೆಯುವ ಮುಂಚೆ ಆ ಟೆಸ್ಟರ್ ಸರಿ ಇದೆಯಾ ಅಂತ ಇನ್ನೊಂದು ಕಡೆ ನೋಡುತ್ತೇವೆ. ವೀಡಿಯೊದವರು ಅಳೆಯುವ ಭಾಗವನ್ನೇ ಬಿಟ್ಟಿದ್ದಾರೆ. ಕಾರಿನಲ್ಲಿ ಡಿಸಿ 60 ವೋಲ್ಟ್ ದಾಟಿದರೆ ಹೈವೋಲ್ಟೇಜ್ ಅನ್ನುತ್ತಾರೆ. ಇಂಥ ಕಾರುಗಳಲ್ಲಿ ನೂರಾರು ವೋಲ್ಟ್ ಇರುತ್ತೆ. ಡಿಸಿ ಕಿಡಿ ಹಾರಿದರೆ ಎಸಿಯಂತೆ ತಾನಾಗಿ ನಂದೋದಿಲ್ಲ, ನೀವು ಕೈ ಎಳೆದಷ್ಟೂ ಉದ್ದವಾಗುತ್ತೆ.

ಫೋನ್ ಮಾಡಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಹೊಸಬ: ನನಗೂ ಒಂದು ಫಾರ್ವರ್ಡ್ ಬಂದಿತ್ತು. ಬ್ಯಾಟರಿ ಮೇಲೆ ಅಡುಗೆ ಸೋಡಾ ಸುರಿದರೆ ಸೋರಿಕೆ ನಿಲ್ಲುತ್ತಂತೆ.

ಗ್ಯಾರೇಜ್ ಮೇಷ್ಟ್ರು: ಅದು ಹಳೆಯ ಆ್ಯಸಿಡ್ ಬ್ಯಾಟರಿಯ ತುದಿ ತೊಳೆಯೋಕೆ. ಲಿಥಿಯಂಗೂ ಅದಕ್ಕೂ ಸಂಬಂಧವಿಲ್ಲ. ಇಂಥದ್ದನ್ನು ಈ ಹೊತ್ತಲ್ಲಿ ಇಲ್ಲಿ ಹಾಕಬೇಡಿ.

ನೆಲಮಾಳಿಗೆ: 112 ಅಂದರೆ ಜಾಸ್ತಿ ಆಯ್ತು ಅಲ್ವಾ ಮೇಷ್ಟ್ರೇ? ಬಿಲ್ ಬಂದರೆ? ನಾಳೆ ಬೆಳಿಗ್ಗೆ ಒಂದ್ಸಲ ನೋಡಿ...

ಗ್ಯಾರೇಜ್ ಮೇಷ್ಟ್ರು: ನಾಳೆ ಅಲ್ಲ. ಈಗ.

ಹೊಸ ಸದಸ್ಯ: ಹಾಯ್, ಜಿಟಿಎಸ್ ಮ್ಯಾನುವಲ್ ಬರುತ್ತಾ?

ಗ್ಯಾರೇಜ್ ಮೇಷ್ಟ್ರು: ಮೇಲೆ ಓದಿ.

ಮೂರ್‌ಪೆಡಲ್: ನಾನು ಹೇಳ್ತೀನಿ. ಬರುತ್ತೆ. 2013ರಲ್ಲಿ 911ರ ಇನ್ನೊಂದು ಮಾದರಿ ಜಿಟಿ3ಗೆ ಪಿಡಿಕೆ ಮಾತ್ರ ಅಂದರು. 2016ರಲ್ಲಿ 911 ಆರ್ ಬಂತು, ಮ್ಯಾನುವಲ್, ಒಟ್ಟು 991 ಕಾರು ಮಾತ್ರ. 2017ರಲ್ಲಿ ಜಿಟಿ3ಗೂ ಮ್ಯಾನುವಲ್ ವಾಪಸ್. ಕಂಪನಿಗೆ ಬುದ್ಧಿ ಬರೋಕೆ ಟೈಮ್ ಬೇಕು ಅಷ್ಟೇ.

ಲೆಕ್ಕದ ಮನುಷ್ಯ: ಜಿಟಿ3ಯಲ್ಲಿ ಗೇರ್‌ಬಾಕ್ಸಿನೊಳಗೆ ಮೋಟಾರ್ ಇರಲಿಲ್ಲ ಮಹಾರಾಯ. ಮೇಷ್ಟ್ರು ಮೊದಲ ಉತ್ತರದಲ್ಲೇ ಹೇಳಿದ್ದಾರೆ.

ಮೂರ್‌ಪೆಡಲ್: ಎಕ್ಸೆಲ್ ಶೀಟ್ ನೋಡಿ ಕಾರು ಕೊಳ್ಳೋರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ.

ಲೆಕ್ಕದ ಮನುಷ್ಯ: ಕಾರೇ ಕೊಳ್ಳದೆ ಮಾತಾಡೋರಿಗಿಂತ ವಾಸಿ.

ಆಟೋಬಾನ್ ಅಕ್ಕ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಅಲ್ಲೊಬ್ಬರ ಮನೆ ಕೆಳಗೆ ಬ್ಯಾಟರಿ ಸೋರುತ್ತಿದೆ.

ಸ್ಟುಟ್‌ಗಾರ್ಟ್ ವೀಕ್ಷಕ: ಐದು ವರ್ಷದ ಮೇಲೆ ಇದರ ಸೆಕೆಂಡ್ ಹ್ಯಾಂಡ್ ಬೆಲೆ ಹೇಗಿರುತ್ತೆ ಮೇಷ್ಟ್ರೇ? ಬ್ಯಾಟರಿ ಬದಲಿಸೋಕೆ ಎಷ್ಟು?

ಟ್ಯೂನಿಂಗ್ ಪ್ರಿಯ: ಚಿಪ್ ಹಾಕಿದರೆ 650 ಪಿಎಸ್ ಬರುತ್ತೆ ಅಂತ ಒಬ್ಬರು ಆಗಲೇ ಬುಕಿಂಗ್ ತಗೋತಿದ್ದಾರೆ. ಸೇಫ್ ತಾನೇ?

ಗ್ಯಾರೇಜ್ ಮೇಷ್ಟ್ರು: ಒಂದು ಮಾತು ನೆನಪಿಡಿ. ಈ ಟರ್ಬೊವನ್ನು ತಡೆಯೋದು ಆ ಮೋಟಾರ್, ಮೋಟಾರನ್ನು ಆಳೋದು ಸಾಫ್ಟ್‌ವೇರ್. ಸಾಫ್ಟ್‌ವೇರ್ ಕೆಡಿಸಿದರೆ ಒತ್ತಡ ಬಿಡೋಕೆ ವೇಸ್ಟ್‌ಗೇಟ್ ಇಲ್ಲ. ಹೊಗೆ, ಸದ್ದು ಕೆಟ್ಟರೆ ಜರ್ಮನಿಯಲ್ಲಿ ವಾಹನ ನಿಯಮ ಎಸ್‌ಟಿವಿಜೆಡ್‌ಒ 19ನೇ ಕಲಂ ಪ್ರಕಾರ ರಸ್ತೆಯ ಪರವಾನಗಿಯೂ ಹೋಗುತ್ತೆ.

ಹೊಸಬ: ಸರ್, ಕಾರು ನಿಲ್ಲಿಸುವ ಮುಂಚೆ ಟರ್ಬೊ ತಣ್ಣಗಾಗೋಕೆ ಐದು ನಿಮಿಷ ಐಡಲ್ ಬಿಡಬೇಕು ಅಂತ...

ಗ್ಯಾರೇಜ್ ಮೇಷ್ಟ್ರು: ಫಾರ್ವರ್ಡ್ ತಾನೇ? ಬೇಡ. ಜೋರಾಗಿ ಓಡಿಸಿದ್ದರೆ ಕೊನೆಯ ಸ್ವಲ್ಪ ದೂರ ನಿಧಾನಕ್ಕೆ ಬನ್ನಿ. ಈಗಿನ ಅನೇಕ ಟರ್ಬೊ ಕಾರುಗಳಲ್ಲಿ ಆಫ್ ಮಾಡಿದ ಮೇಲೂ ಎಲೆಕ್ಟ್ರಿಕ್ ಪಂಪ್ ನೀರು ಓಡಿಸುತ್ತೆ.

ನೆಲಮಾಳಿಗೆ: ಮೇಷ್ಟ್ರೇ, ಅಗ್ನಿಶಾಮಕದವರು ಬಂದಿದ್ದರು. ಕ್ಯಾಮೆರಾ ಹಿಡಿದು ಅಳೆದರು. ಬ್ಯಾಟರಿಯ ಒಂದು ಮೂಲೆ ಉಳಿದ ಭಾಗಕ್ಕಿಂತ ಬಿಸಿ ಇತ್ತಂತೆ. ಕಾರನ್ನು ಮೇಲಕ್ಕೆಳೆದು ಬಯಲಲ್ಲಿ, ಸುತ್ತ ಜಾಗ ಬಿಟ್ಟು ನಿಲ್ಲಿಸಿದ್ದಾರೆ. ಪಕ್ಕದ ಮನೆಯವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ.

ಗ್ಯಾರೇಜ್ ಮೇಷ್ಟ್ರು: ನೋಡಲಿ ಬಿಡಿ. ಒಳ್ಳೆ ಕೆಲಸ ಮಾಡಿದಿರಿ. ಹರಾಜಿನವರು ಕೊಟ್ಟ ಕಾಗದದಲ್ಲಿ ಬ್ಯಾಟರಿಗೆ ಪೆಟ್ಟಾಗಿದೆ ಅಂತ ಬರೆದಿದ್ದರಾ?

ನೆಲಮಾಳಿಗೆ: ಇಲ್ಲ. "ಮುಂಭಾಗಕ್ಕೆ ಹಾನಿ" ಅಂತ ಮಾತ್ರ.

ಗ್ಯಾರೇಜ್ ಮೇಷ್ಟ್ರು: ಆ ಕಾಗದ ಜೋಪಾನ ಮಾಡಿ. ಅಗ್ನಿಶಾಮಕದವರ ವರದಿಯನ್ನೂ ಕೇಳಿ ತಗೊಳ್ಳಿ.

ಗಾಳಿತಂಪು 993: ಇದಕ್ಕೇ ಹೇಳಿದ್ದು. ನನ್ನ ಕಾರಿನ ಎಂಜಿನ್ ತಣ್ಣಗಾಗೋಕೆ ಗಾಳಿ ಸಾಕು, 112 ಬೇಡ.

ಆಟೋಬಾನ್ ಅಕ್ಕ: ಪೆಟ್ರೋಲ್ ಕಾರು ಹೊತ್ತಿಕೊಳ್ಳೋದೇ ಇಲ್ಲ ಅನ್ನೋ ಹಾಗೆ ಮಾತಾಡಬೇಡಿ.

ಎಂ ಪವರ್ ಭಕ್ತ: ಅಕ್ಕನಿಗೆ ಪೋರ್ಶೆಯವರು ಸಂಬಳ ಕೊಡ್ತಾರಾ?

ಅಡ್ಮಿನ್: ಇನ್ನು ವೈಯಕ್ತಿಕ ಮಾತು ಬಂದರೆ ತೆಗೆಯುತ್ತೇನೆ. ಎಂ ಪವರ್ ಭಕ್ತರಿಗೆ ಇದೇ ಕೊನೆಯ ಸೂಚನೆ.

ನೆಲಮಾಳಿಗೆ: ಮೇಷ್ಟ್ರೇ, ಒಂದೇ ಕೊನೆಯ ಪ್ರಶ್ನೆ. ಕಲಿಯುವ ಆಸೆ ಇನ್ನೂ ಇದೆ. ಹೇಗೆ ಶುರು ಮಾಡಲಿ?

ಗ್ಯಾರೇಜ್ ಮೇಷ್ಟ್ರು: ಕೋರ್ಸಿನಿಂದ. ಜರ್ಮನಿಯಲ್ಲಿ ಅಪಘಾತ ವಿಮಾ ಸಂಸ್ಥೆಗಳ ಡಿಜಿಯುವಿ 209-093 ಅನ್ನೋ ಮಾರ್ಗಸೂಚಿಯ ಪ್ರಕಾರ ಹಂತಗಳಿವೆ. 2ಎಸ್ ಮಾಡಿದವರು ವೋಲ್ಟೇಜ್ ತೆಗೆದ ಕಾರಿನಲ್ಲಿ ಕೆಲಸ ಮಾಡಬಹುದು. ಕಾರು ರಿಪೇರಿಯ ತರಬೇತಿ ಇಲ್ಲದವರಿಗೆ ಪಾಠ ಉದ್ದ ಇರುತ್ತೆ, ಬೇಸರ ಮಾಡಿಕೊಳ್ಳಬೇಡಿ. ಸರ್ಟಿಫಿಕೇಟ್ ಕೈಗೆ ಬಂದ ಮೇಲೂ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ, ಅದು ವೋಲ್ಟೇಜ್ ಇರುವಾಗಲೇ ಕೆಲಸ ಮಾಡಲು ಕಲಿತ 3ಎಸ್‌ನವರ ಕೆಲಸ. ಹೊರಗೆ ನಿಲ್ಲಿಸಿರುವ ಆ ಕಾರಿನದ್ದನ್ನಂತೂ ಯಾವತ್ತೂ ಬೇಡ.