ನವಿಲುಗರಿ ಕುಟ್ಟಿದರೆ ನೀಲಿ ಬಣ್ಣ ಎಲ್ಲಿ ಹೋಗುತ್ತೆ?

ಹಾವೇರಿ_ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಾಲ್ಕನೇ ಕ್ಲಾಸು. ಕನ್ನಡ ಪುಸ್ತಕದ ನಡುವೆ ಒಂದು ನವಿಲುಗರಿ ಇಟ್ಟುಕೊಂಡಿದ್ದಳು. ನಾವೂ ಚಿಕ್ಕವರಿದ್ದಾಗ ಮರಿ ಹಾಕುತ್ತೆ ಅಂತ ಇಟ್ಟುಕೊಂಡು ದಿನಾ ತೆಗೆದು ನೋಡುತ್ತಿದ್ದೆವಲ್ಲ, ಹಾಗೇ. ನನ್ನ ತವರು ಬಂಕಾಪುರದ ಹತ್ತಿರ. ಅಲ್ಲಿ ನವಿಲು ಜಾಸ್ತಿ, ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ಬದುವಿನಲ್ಲಿ ಗರಿ ಬಿದ್ದಿರುತ್ತವೆ.

ಮೊನ್ನೆ ಭಾನುವಾರ ಅಡುಗೆಮನೆಯಿಂದ ಟಕಟಕ ಸದ್ದು. ಹೋಗಿ ನೋಡಿದರೆ ಗರಿಯ ಕಣ್ಣನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ನಾನು ಏಲಕ್ಕಿ ಕುಟ್ಟುವ ಕುಟ್ಟಾಣಿಯಲ್ಲಿ ಹಾಕಿ ಕುಟ್ಟುತ್ತಿದ್ದಾಳೆ. ನವಿಲಿನ ಚಿತ್ರಕ್ಕೆ ನವಿಲಿನದೇ ನೀಲಿ ಬಳಿಯಬೇಕಂತೆ. ಬೀಟ್‌ರೂಟ್‌ನಿಂದ, ದಾಸವಾಳದಿಂದ ಬಣ್ಣ ತೆಗೆಯೋದನ್ನು ಶಾಲೆಯಲ್ಲಿ ತೋರಿಸಿದ್ದರು. ಆದರೆ ಬಂದಿದ್ದು ಕಾಫಿಪುಡಿ ಥರದ ಕಂದು ಪುಡಿ. ನೀಲಿಯೂ ಇಲ್ಲ, ಹಸಿರೂ ಇಲ್ಲ. "ಅಮ್ಮಾ, ನಾನು ಬಣ್ಣ ಸಾಯಿಸಿಬಿಟ್ಟೆನಾ" ಅಂತ ಅತ್ತುಬಿಟ್ಟಳು. ಏನು ಹೇಳಬೇಕೋ ನನಗೆ ತೋಚಲಿಲ್ಲ.

ನಿಜವಾಗಿ ಬಣ್ಣ ಎಲ್ಲಿ ಹೋಯ್ತು? ಇನ್ನೊಂದು ವಿಷಯ, ಗರಿ ಮನೆಯಲ್ಲಿಟ್ಟರೆ ಅರಣ್ಯ ಇಲಾಖೆಯವರು ಹಿಡೀತಾರೆ ಅಂತ ನಮ್ಮ ಭಾವ ಹೇಳಿ ಅವಳನ್ನು ಹೆದರಿಸಿದ್ದಾರೆ. ಹೌದಾ?

ಕಾನೂನು_ಕಟ್ಟೆ:

ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಮಗು ಹೆದರಿದೆ ಅಂದಿರಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಇರೋದು ಹುಲಿ, ಆನೆ ಇರುವ ಮೊದಲನೇ ಪಟ್ಟಿಯಲ್ಲೇ. ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ಆದರೆ ನವಿಲಿನ ಬಾಲದ ಗರಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ತಾನಾಗಿ ಉದುರಿದ ಗರಿ ಮನೆಯಲ್ಲಿದ್ದರೆ ತಪ್ಪೇನಿಲ್ಲ. ದೇಶದಿಂದ ಹೊರಗೆ ಮಾತ್ರ ಒಯ್ಯಬೇಡಿ, ರಫ್ತಿಗೆ ನಿಷೇಧ ಇದೆ. ಮಗಳಿಗೆ ಧೈರ್ಯ ಹೇಳಿ.

ಮೇಷ್ಟ್ರು_ತಿಪಟೂರು:

ಅಮ್ಮಾ, ನಿಮ್ಮ ಮಗಳು ಬಣ್ಣ ಸಾಯಿಸಿಲ್ಲ. ಆ ಗರಿಯಲ್ಲಿ ನೀಲಿ ಬಣ್ಣದ ವಸ್ತು ಅನ್ನೋದೇ ಇರಲಿಲ್ಲ. ಕುಟ್ಟಾಣಿಯಲ್ಲಿ ಸಿಕ್ಕಿದ ಕಂದು ಪುಡಿಯೇ ಅದರೊಳಗಿದ್ದ ನಿಜವಾದ ಬಣ್ಣ.

ಬೀಟ್‌ರೂಟ್‌ನಲ್ಲಿ ಕೆಂಪು ರಸ ಇದೆ, ಎಷ್ಟು ಅರೆದರೂ ಕೆಂಪು ಕೆಂಪೇ. ನವಿಲುಗರಿಯ ಕಥೆ ಬೇರೆ. ನಡುವೆ ದಂಟು ಇರುತ್ತೆ. ದಂಟಿನಿಂದ ಎರಡೂ ಕಡೆ ಎಳೆಗಳು. ಒಂದೊಂದು ಎಳೆಯಿಂದ ಮತ್ತೆ ಕೂದಲಿಗಿಂತ ಸಣ್ಣ ಕಿರು ಎಳೆಗಳು. ಈ ಕಿರು ಎಳೆಯ ಸಿಪ್ಪೆಯ ಕೆಳಗೆ ಮೆಲನಿನ್ ಕಡ್ಡಿಗಳು ಸಾಲಾಗಿ, ಕಸೂತಿಯಷ್ಟು ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುತ್ತವೆ. ಮೆಲನಿನ್ ಅಂದರೆ ನಮ್ಮ ತಲೆಕೂದಲಿಗೆ ಕಪ್ಪು ಕೊಡುವ ಅದೇ ವಸ್ತು. ಕಡ್ಡಿಗಳ ನಡುವೆ ಗಾಳಿ. ಬೆಳಕು ಈ ಸಾಲುಗಳಿಗೆ ಬಡಿದು ವಾಪಸ್ ಬರುವಾಗ ಒಂದು ಬಣ್ಣ ಮಾತ್ರ ಬಲವಾಗುತ್ತೆ, ಉಳಿದವು ಒಂದನ್ನೊಂದು ಅಳಿಸಿಹಾಕುತ್ತವೆ. ಯಾವ ಬಣ್ಣ ಉಳಿಯಬೇಕು ಅನ್ನೋದು ಕಡ್ಡಿಗಳ ನಡುವಿನ ಅಂತರಕ್ಕೆ ಸೇರಿದ್ದು. 2003ರಲ್ಲಿ ಚೀನಾದ ವಿಜ್ಞಾನಿಗಳು ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅಳೆದರು. ನೀಲಿ ಕಾಣುವ ಕಡೆ ಸುಮಾರು 140 ನ್ಯಾನೋಮೀಟರ್, ಹಸಿರು ಕಾಣುವ ಕಡೆ ಸುಮಾರು 150. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್! ಅಷ್ಟು ಸಣ್ಣ ವ್ಯತ್ಯಾಸಕ್ಕೆ ನೀಲಿ ಹೋಗಿ ಹಸಿರಾಗುತ್ತೆ. ಪಾಠ ಮಾಡುವಾಗ ಇದನ್ನು ಹೇಳಿದಾಗಲೆಲ್ಲ ನನಗೇ ಮೈ ಜುಮ್ಮೆನ್ನುತ್ತೆ.

ಕುಟ್ಟಾಣಿ ಮುರಿದದ್ದು ಆ ಜೋಡಣೆಯನ್ನು. ಜೋಡಣೆ ಹೋಯ್ತು, ಮೆಲನಿನ್ ಉಳೀತು.

ಮನೆಯಲ್ಲಿ ಇನ್ನೊಂದು ಗರಿ ಇದ್ದರೆ ಹೀಗೆ ಮಾಡಿ. ಕಿಟಕಿಗೆ ಬೆನ್ನು ಹಾಕಿ ನಿಂತು ಗರಿ ನೋಡಲಿ, ಬೆಳಕು ಗರಿಯ ಮೇಲೆ ಬೀಳಬೇಕು. ಆಮೇಲೆ ಕಿಟಕಿ ಕಡೆ ತಿರುಗಿ, ಬಿಸಿಲಿಗೆ ಅಡ್ಡ ಹಿಡಿದು ಗರಿಯ ಮೂಲಕ ನೋಡಲಿ. ಕಣ್ಣಿನ ನೀಲಿ ಮಾಯವಾಗಿ ಮಂಕು ಕಂದು ಕಾಣಬೇಕು. ಏನನ್ನೂ ಕುಟ್ಟಬೇಕಾಗಿಲ್ಲ. ಮೃಗಾಲಯದಲ್ಲಿ ಬಿಳಿ ನವಿಲು ನೋಡಿದ್ದರೆ ಅದನ್ನೂ ನೆನಪಿಸಿ. ಅದರ ಗರಿಯಲ್ಲಿ ಮೆಲನಿನ್ ಇಲ್ಲ, ಆದ್ದರಿಂದ ನೀಲಿಯೂ ಇಲ್ಲ.

ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೇಳಿದ್ದರು. ನವಿಲುಗರಿ ನೀರಲ್ಲಿ ನೆನೆದರೆ ಬಣ್ಣ ಕೆಡುತ್ತೆ, ಆದ್ದರಿಂದ ಇದು ಬೆಳಕಿನ ಕೆಲಸ ಅಂತ ಬರೆದರು. ಅದನ್ನು ಅವಳಿಗೆ ಖಂಡಿತ ಹೇಳಿ.

ಕೆರೆ_ದಂಡೆ:

ಮೇಷ್ಟ್ರ ಮಾತಿಗೆ ನಮ್ಮ ಊರಿನದೇ ಒಂದು ಸೇರಿಸುತ್ತೇನೆ. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು. ಮರುವರ್ಷವೇ ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಒಂದು ಲೇಖನ ಬರೆದರು. ಅವರು ನೋಡಿದ್ದು ನೀಲಕಂಠದ ಗರಿ. ನಮ್ಮ ರಾಜ್ಯಪಕ್ಷಿ ಅದೇ ಅಲ್ವಾ, ದಾಸಮಗರೆ ಅಂತಲೂ ಕರೆಯುತ್ತಾರೆ. ತಂತಿ ಮೇಲೆ ಸುಮ್ನೆ ಕೂತಿರುತ್ತೆ, ಕಂದು ಹಕ್ಕಿ ಅನಿಸುತ್ತೆ, ಹಾರಿದ ತಕ್ಷಣ ರೆಕ್ಕೆಯಲ್ಲಿ ಎರಡು ಥರದ ನೀಲಿ ಬಿಚ್ಚಿಕೊಳ್ಳುತ್ತೆ. ಅದರ ನೀಲಿ ನವಿಲಿನ ಹಾಗೆ ಆಚೀಚೆ ತಿರುಗಿಸಿದರೆ ಬದಲಾಗಲ್ಲ. ಅಲ್ಲಿ ಸಾಲು ಜೋಡಣೆ ಇಲ್ಲ, ಎಳೆಯೊಳಗೆ ಸ್ಪಂಜಿನ ಹಾಗೆ ಗಾಳಿಯ ಸಣ್ಣ ಸಣ್ಣ ಗೂಡುಗಳಿವೆ. ಅದೂ ಬೆಳಕಿನದೇ ಕೆಲಸ, ದಾರಿ ಬೇರೆ.

ಗಿಳಿಯ ಹಸಿರು ಇನ್ನೂ ಚಂದ. ಇಂಥದ್ದೇ ನೀಲಿಯ ಮೇಲೆ ನಿಜವಾದ ಹಳದಿ ಬಣ್ಣ ಕೂತು ಹಸಿರಾಗಿ ಕಾಣುತ್ತೆ. ಎಲ್ಲ ಹಕ್ಕಿಗಳದೂ ಬೆಳಕಿನ ಬಣ್ಣವೇ ಅಂದುಕೊಳ್ಳಬೇಡಿ ಮತ್ತೆ. ಫ್ಲೆಮಿಂಗೋ ಹಕ್ಕಿಯ ಗುಲಾಬಿ ಬಣ್ಣ ಅದು ತಿನ್ನುವ ಆಹಾರದಿಂದಲೇ ಬರುತ್ತೆ. ಆಫ್ರಿಕಾದ ಟುರಾಕೋ ಹಕ್ಕಿಯ ಕೆಂಪಿನಲ್ಲಿ ತಾಮ್ರ ಇದೆ, ಸೋಪಿನಂಥ ಕ್ಷಾರದ ನೀರಿನಲ್ಲಿ ಅದು ಕರಗಿ ಬರುತ್ತೆ. ನಿಮ್ಮ ಮಗಳಿಗೆ ಬೇಕಾಗಿದ್ದು ಅಂಥ ಗರಿ!

ಇದೇ ನೀಲಕಂಠವನ್ನು ಒಂದು ಕಾಲದಲ್ಲಿ ಯುರೋಪಿನ ಹೆಂಗಸರ ಟೋಪಿಗಾಗಿ ಕೊಲ್ಲುತ್ತಿದ್ದರು. ಬೆಳ್ಳಕ್ಕಿಯ ಪಾಡು ಅದಕ್ಕಿಂತ ಕಷ್ಟ. ಅದರ ಬೆನ್ನ ಮೇಲಿನ ನವಿರಾದ ಗರಿ ಬರೋದು ಗೂಡು ಕಟ್ಟುವ ಕಾಲದಲ್ಲಿ ಮಾತ್ರ. ಅಂದರೆ ಗರಿಗಾಗಿ ಕೊಂದವರು ಗೂಡಿನಲ್ಲಿದ್ದ ಮರಿಗಳನ್ನೂ ಉಪವಾಸ ಕೊಂದ ಹಾಗೆ. 1889ರಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಹೆಂಗಸರೇ ಸೇರಿ ಇಂಥ ಗರಿ ತೊಡಲ್ಲ ಅಂತ ಸಂಘ ಕಟ್ಟಿದರು, ಅಲ್ಲಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆ ಬೆಳೆದದ್ದು ಅದರಿಂದ. 1902ರಲ್ಲಿ ಭಾರತದಿಂದ ಕಾಡುಹಕ್ಕಿ ಗರಿಗಳ ರಫ್ತು ನಿಂತಿತು, ಕಳ್ಳಸಾಗಣೆ ನಿಲ್ಲಲಿಲ್ಲ. ಬ್ರಿಟನ್ ಆಮದು ನಿಷೇಧಿಸಿದ್ದು 1921ರಲ್ಲಿ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ಬೆಳ್ಳಕ್ಕಿಗಳ ಬೆನ್ನಲ್ಲಿ ಆ ಗರಿ ಗಾಳಿಗೆ ಅಲ್ಲಾಡೋದನ್ನು ನೋಡುವಾಗಲೆಲ್ಲ ನನಗೆ ಇದೇ ನೆನಪಾಗುತ್ತೆ.

ಬೆಳಗೊಳದ_ಹುಡುಗ:

ನಮ್ಮ ಕಡೆ ನವಿಲುಗರಿ ಅಂದರೆ ಮೊದಲು ನೆನಪಾಗೋದು ದಿಗಂಬರ ಜೈನ ಮುನಿಗಳು ಕೈಯಲ್ಲಿ ಹಿಡಿಯುವ ಗರಿಗಳ ಕಟ್ಟು, ಪಿಂಛಿ. ಉದುರಿದ ಗರಿಗಳಿಂದಲೇ ಅದನ್ನು ಕಟ್ಟುತ್ತಾರೆ. ಮುನಿಗಳು ಕೂರುವ ಮೊದಲು, ಪುಸ್ತಕ ಇಡುವ ಮೊದಲು ಅದರಿಂದ ಆ ಜಾಗವನ್ನು ಮೆಲ್ಲಗೆ ಒರೆಸುತ್ತಾರೆ, ಇರುವೆಗೂ ನೋವಾಗಬಾರದು ಅಂತ. ಚಿಕ್ಕವನಿದ್ದಾಗ ಒಮ್ಮೆ ತೀರಾ ಹತ್ತಿರದಿಂದ ನೋಡಿದ್ದೆ. ಅಂಗೈ ಮೇಲೆ ಒಂದು ಇರುವೆ ಇತ್ತು, ಪಿಂಛಿ ತಾಗಿದ್ದೇ ಗೊತ್ತಾಗಲಿಲ್ಲ, ಇರುವೆ ಕೆಳಗಿಳಿದಿತ್ತು. ಚಾತುರ್ಮಾಸ ಮುಗಿದ ಮೇಲೆ ಹಳೆಯದನ್ನು ಬಿಟ್ಟು ಹೊಸದು ತೆಗೆದುಕೊಳ್ಳುತ್ತಾರೆ. ಅಷ್ಟೊತ್ತಿಗೆ ನವಿಲು ಹೊಸದಾಗಿ ಗರಿ ಉದುರಿಸಿರುತ್ತೆ.

ಶಾಸನಗಳಲ್ಲಿ ಹಳೆಯ ಕಾಲದ ಜೈನ ಗುರು ಉಮಾಸ್ವಾತಿ ಆಚಾರ್ಯರಿಗೆ ಗೃಧ್ರಪಿಂಛ ಅನ್ನೋ ಹೆಸರಿದೆ. ರಣಹದ್ದಿನ ಗರಿಯ ಪಿಂಛಿ ಹಿಡಿದವರು ಅಂತ ಅರ್ಥ.

ಹಳೇ_ಅಂಗಡಿ:

ಎಲ್ಲರೂ ಉದುರಿದ ಗರಿ, ಉದುರಿದ ಗರಿ ಅಂತೀರಿ. ಜಾತ್ರೆಯಲ್ಲಿ, ಸಿಗ್ನಲ್‌ನಲ್ಲಿ ಕಟ್ಟುಗಟ್ಟಲೆ ಮಾರುತ್ತಾರಲ್ಲ, ಅವೆಲ್ಲ ಉದುರಿದ್ದೇ ಅಂತ ಹೇಗೆ ನಂಬೋದು? ನಾನು ಮನೆಗೆ ಒಂದು ಬೀಸಣಿಗೆ ತಂದಿದ್ದೆ, ಆಮೇಲೆ ಮನಸ್ಸಿಗೆ ಚುಚ್ಚುತ್ತಲೇ ಇದೆ.

ಮೇಷ್ಟ್ರು_ತಿಪಟೂರು:

ಗರಿಯ ಬುಡ ನೋಡಬೇಕು. ತಾನಾಗಿ ಉದುರಿದ ಗರಿಯ ಬುಡ ಒಣಗಿ, ಬೆಳ್ಳಗೆ, ಚೊಕ್ಕಟವಾಗಿ ಮುಚ್ಚಿಕೊಂಡಿರುತ್ತೆ. ಕಿತ್ತಿದ್ದರೆ ರಕ್ತದ, ಮಾಂಸದ ಗುರುತು ಇರಬಹುದು. ಮಾರುವವರು ಬುಡ ಕತ್ತರಿಸಿಬಿಟ್ಟಿದ್ದರೆ ನಮಗೆ ತಿಳಿಯೋ ದಾರಿಯಿಲ್ಲ. ನಾನಂತೂ ಕೊಳ್ಳಲ್ಲ. ಒಂದು ಗಂಡು ನವಿಲು ವರ್ಷಕ್ಕೊಮ್ಮೆ ಉದ್ದ ಗರಿಗಳನ್ನೆಲ್ಲ ಉದುರಿಸುತ್ತೆ, ಸುಮಾರು 150 ಇರುತ್ತವೆ. ಬದುವಿನಲ್ಲಿ ಬಿದ್ದದ್ದನ್ನು ಎತ್ತಿಕೊಂಡರೆ ಪುಸ್ತಕಕ್ಕೆ ಸಾಕಲ್ವಾ.

ಅಜ್ಜನ_ಮೊಮ್ಮಗ:

ನವಿಲಿನ ಮಧ್ಯೆ ಕೋಳಿ ಪುಕ್ಕವನ್ನು ಮರೀಬೇಡಿ. ನಮ್ಮಜ್ಜ ಕೊಟ್ಟಿಗೆಯ ಸೂರಿನಲ್ಲಿ ಯಾವಾಗಲೂ ಎರಡು ಪುಕ್ಕ ಸಿಕ್ಕಿಸಿರುತ್ತಿದ್ದರು. ಎತ್ತಿನ ಹೆಗಲ ಮೇಲೆ ನೊಗ ಉಜ್ಜಿ ಹುಣ್ಣಾದರೆ ಬೇವಿನೆಣ್ಣೆಯಲ್ಲಿ ಅದ್ದಿ ಹಚ್ಚೋದು. ಬೆರಳು ತಾಗಿದರೆ ಎತ್ತು ಒದೆಯುತ್ತಿತ್ತು, ಪುಕ್ಕ ತಾಗಿದರೆ ಚರ್ಮವನ್ನು ಒಮ್ಮೆ ನಡುಗಿಸಿ ಸುಮ್ಮನಾಗುತ್ತಿತ್ತು.

ಪೆನ್ ಅನ್ನೋ ಮಾತು ಕೂಡ ಲ್ಯಾಟಿನ್ನಿನ ಪೆನ್ನಾದಿಂದ ಬಂದಿದ್ದು, ಹಾಗಂದರೆ ಗರಿ. ಯುರೋಪಿನವರು ಹೆಬ್ಬಾತಿನ ಗರಿಯಿಂದ ಬರೆದರು. ನಮ್ಮವರು ತಾಳೆಗರಿಯ ಮೇಲೆ ಕಂಟ ಅನ್ನೋ ಚೂಪು ಕಡ್ಡಿಯಿಂದ ಕೊರೆದು ಮಸಿ ಬಳಿದರು. ತೆಂಗಿನ ಗರಿ, ತಾಳೆಗರಿ, ನವಿಲುಗರಿ ಎಲ್ಲಕ್ಕೂ ಕನ್ನಡದಲ್ಲಿ ಒಂದೇ ಮಾತು. ನಡುವೆ ದಂಟು, ಆಚೀಚೆ ಎಳೆ ಇದ್ದರೆ ನಮ್ಮ ಹಿರಿಯರಿಗೆ ಅದು ಗರಿ.

ಹಾವೇರಿ_ಅಮ್ಮ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಕಿಟಕಿ ಪ್ರಯೋಗ ಮಾಡಿದೆವು. ಗರಿ ತಿರುಗಿಸಿದ ತಕ್ಷಣ ಕಂದಾಯ್ತು, ಮಗಳು ಕೂಗಿಕೊಂಡು ಅಜ್ಜಿಯನ್ನು ಕರೆದಳು. ಈಗ ಮನೆಗೆ ಬಂದವರೆಲ್ಲ ಕಿಟಕಿ ಹತ್ತಿರ ನಿಲ್ಲಲೇಬೇಕು. ಕಂದು ಪುಡಿಯನ್ನು ಎಸೆದಿಲ್ಲ, ಚಿತ್ರದಲ್ಲಿ ನವಿಲಿನ ಕಾಲಿಗೆ ಬಳಿದಿದ್ದಾಳೆ.

ನಿನ್ನೆ ಶಾಲೆಯಿಂದ ಬರುವಾಗ ಒಂದು ಕಾಗೆ ಗರಿ ತಂದಳು. ಎಳೆಗಳನ್ನು ಬೆರಳಲ್ಲಿ ಬಿಡಿಸಿ ಮತ್ತೆ ಸವರಿದರೆ ಜಿಪ್ ಹಾಕಿದ ಹಾಗೆ ಕೂಡಿಕೊಳ್ಳುತ್ತೆ. ನವಿಲುಗರಿ ಯಾಕೆ ಹಾಗೆ ಕೂಡಲ್ಲ ಅಂತ ಕೇಳುತ್ತಿದ್ದಾಳೆ. ಬಿಸಿಲಿಗೆ ಹಿಡಿದರೆ ಕಾಗೆ ಗರಿಯಲ್ಲೂ ಸ್ವಲ್ಪ ನೀಲಿ ಮಿನುಗುತ್ತಂತೆ. ನನಗೂ ಕಂಡಿತು, ನಿಜಾನಾ?

ಮೇಷ್ಟ್ರು_ತಿಪಟೂರು:

ನಿಜ. ಅದೂ ಮೆಲನಿನ್ ಮತ್ತು ಬೆಳಕಿನದೇ ಕೆಲಸ. ಕಾಗೆ ಗರಿಯ ಕಿರು ಎಳೆಗಳಲ್ಲಿ ಸಣ್ಣ ಕೊಕ್ಕೆಗಳಿವೆ, ಹಾರುವಾಗ ಗಾಳಿ ತೂರಬಾರದಲ್ಲ, ಅದಕ್ಕೆ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನವಿಲಿನ ಉದ್ದ ಗರಿ ಹಾರೋಕಲ್ಲ, ಅದರ ಎಳೆಗಳು ಬಿಡಿಬಿಡಿಯಾಗಿ ಜೋಲುತ್ತವೆ. ಅವಳ ಹತ್ತಿರ ಭೂತಗನ್ನಡಿ ಇದೆಯಾ? ಇಲ್ಲದಿದ್ದರೆ ಶಾಲೆಯಲ್ಲಿ ಕೇಳಿ ಒಂದು ದಿನಕ್ಕೆ ತನ್ನಿ, ಎರಡೂ ಗರಿ ಪಕ್ಕಪಕ್ಕ ಇಟ್ಟು ನೋಡಲಿ.