ಪದಚರ್ಚೆ: ಮಿಡಿಯ ‘ಎಕ್ಸ್‌ಪ್ರೆಶನ್’ಗೆ ಭಾವ ಅನ್ನಬಹುದಾ? ‘ಬೆಂಡ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಳಲು, ಸ್ಯಾಕ್ಸೊಫೋನ್ ಕಲಿತು ಈಗ ಎಲೆಕ್ಟ್ರಾನಿಕ್ ಊದುವಾದ್ಯ ಹಿಡಿದಿರುವ ಹುಡುಗರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅಕಾಯ್ ಈವೀ, ಯಮಹಾ ಡಬ್ಲ್ಯೂಎಕ್ಸ್, ರೋಲ್ಯಾಂಡ್ ಏರೋಫೋನ್ ಥರದ ವಾದ್ಯಗಳು. ಇವುಗಳಲ್ಲಿ ಊದಿದ ಗಾಳಿಯೇ ನಾದವಾಗುವುದಿಲ್ಲ. ಸೆನ್ಸರ್ ಉಸಿರಿನ ಒತ್ತಡ ಅಳೆಯುತ್ತದೆ, ಅದು ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡುವ ಸಂಕೇತ ಭಾಷೆ) ಸಂದೇಶವಾಗಿ ಹೋಗುತ್ತದೆ, ನಾದ ಕೊಡುವುದು ಸಿಂಥ್, ಅಂದರೆ ನಾದ ಹುಟ್ಟಿಸುವ ಸಿಂಥೆಸೈಜರ್. ಹಾಗಾಗಿ ಯಾವ ಉಸಿರಿಗೆ ನಾದ ಹೇಗೆ ಮಣಿಯಬೇಕು ಅನ್ನುವುದನ್ನು ನಾವೇ ಹೊಂದಿಸಿಕೊಳ್ಳಬೇಕು. ನನ್ನ ಪದಗಳೆಲ್ಲ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಮಿಡಿಯಲ್ಲಿ ಒಂದೊಂದು ಹಿಡಿತಕ್ಕೂ ಒಂದು ಕಂಟ್ರೋಲ್ ಸಂಖ್ಯೆ: 2 ಬ್ರೆತ್, 7 ವಾಲ್ಯೂಮ್, 11 ಎಕ್ಸ್‌ಪ್ರೆಶನ್. ಮೂರಕ್ಕೂ ‘ಧ್ವನಿ ಪ್ರಮಾಣ’ ಅಂತ ಬರೆದಿದ್ದನ್ನು ನೋಡಿದ್ದೇನೆ, ಅದನ್ನು ಓದಿ ಯಾರೂ ವಾದ್ಯ ಹೊಂದಿಸಲಾರರು. 7 ಇಡೀ ಚಾನೆಲ್ಲಿನ (ಒಂದು ವಾದ್ಯದ ಸಂದೇಶಗಳು ಹೋಗುವ ಸಾಲಿನ) ಜೋರು, ಕಛೇರಿಗೆ ಮುಂಚೆ ಒಮ್ಮೆ ಇಟ್ಟು ಬಿಡುವಂಥದ್ದು. 11 ಅಂದರೆ ಆ ಜೋರಿನ ಒಳಗೇ, ನುಡಿಸುತ್ತಾ ನುಡಿಸುತ್ತಾ ಏರಿಸಿ ಇಳಿಸುವುದು. 2 ಬರೀ ‘ಇಷ್ಟು ಊದಿದರು’ ಅನ್ನುವ ಸುದ್ದಿ. ಆ ಸುದ್ದಿ ಕೇಳಿ ಏನು ಮಾಡಬೇಕು ಅನ್ನುವುದು ಸಿಂಥ್‌ಗೆ ಬಿಟ್ಟದ್ದು, ಕೆಲವು ಸಿಂಥ್‌ಗಳು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಒಬ್ಬ ಹಿರಿಯರು 11ಕ್ಕೆ ‘ಭಾವ’ ಅನ್ನಿ ಅಂದರು. ನನಗೆ ಒಪ್ಪಿಗೆಯಿಲ್ಲ. 0ಯಿಂದ 127ರವರೆಗಿನ ಒಂದು ಸಂಖ್ಯೆಗೆ ಭಾವ ಅಂದರೆ, ರಾಗಭಾವ ಅನ್ನುವಾಗ ನಾವು ಏನು ಹೇಳುತ್ತೇವೋ ಅದಕ್ಕೆ ಪದವೇ ಉಳಿಯುವುದಿಲ್ಲ, ಅಲ್ವಾ? ಅದೂ ಅಲ್ಲದೆ ಉಸಿರನ್ನು 11ಕ್ಕೆ ಮಾತ್ರ ಕಟ್ಟಿದರೆ ಭಾವ ಬರುವುದೂ ಇಲ್ಲ. ರೇಡಿಯೋದ ಗುಂಡಿ ತಿರುಗಿಸಿದ ಹಾಗೆ ಸುಮ್ನೆ ಜೋರು, ಮೆಲ್ಲ ಅಷ್ಟೇ ಆಗುತ್ತದೆ. ನಿಜವಾದ ಕೊಳಲನ್ನು ಗಟ್ಟಿಯಾಗಿ ಊದಿದರೆ ಜೋರಿನ ಜೊತೆ ನಾದದ ಬಣ್ಣವೂ ಬದಲಾಗುತ್ತದೆ, ಹರಿತವಾಗುತ್ತದೆ. ಅದು ಬೇಕೆಂದರೆ ಅದೇ ಉಸಿರನ್ನು ಸಿಂಥ್‌ನ ಫಿಲ್ಟರಿಗೂ (ನಾದದ ಹೊಳಪನ್ನು ಹೆಚ್ಚು ಕಡಿಮೆ ಮಾಡುವ ಭಾಗ) ಕಟ್ಟಬೇಕು, ಮೆಲ್ಲಗೆ ಊದಿದಾಗ ಮಂಕು, ಒತ್ತಿ ಊದಿದಾಗ ಹೊಳಪು. ನಾನು ಸದ್ಯಕ್ಕೆ 2ಕ್ಕೆ ‘ಊದೊತ್ತು’, 7ಕ್ಕೆ ‘ಜೋರು’, 11ಕ್ಕೆ ‘ಏರಿಳಿತ’ ಅಂತ ಬರೆದಿದ್ದೇನೆ.

ಜಾಸ್ತಿ ತಲೆಕೆಡಿಸುತ್ತಿರುವುದು ಪಿಚ್ ಬೆಂಡ್, ಅಂದರೆ ನುಡಿಯುತ್ತಿರುವ ಸ್ವರವನ್ನು ಮೇಲಕ್ಕೋ ಕೆಳಕ್ಕೋ ಸರಿಸುವ ಸಂದೇಶ. ‘ಸ್ವರ ಬಾಗಿಸು’ ಅನ್ನುವ ಮಾತನ್ನು ನಮ್ಮ ಸಂಗೀತದವರು ಯಾರೂ ಆಡುವುದಿಲ್ಲ. ಮೊದಲು ‘ಜಾರು’ (ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದೆ ಸರಿಯುವುದು) ಅಂತ ಬರೆದಿದ್ದೆ. ಕದ್ರಿ ಗೋಪಾಲನಾಥರು (1949–2019) ಹಿತ್ತಾಳೆಯ ಸ್ಯಾಕ್ಸೊಫೋನಿನಲ್ಲೇ ಗಮಕ (ಸ್ವರವನ್ನು ಓಲಾಡಿಸಿ, ಜಾರಿಸಿ ನುಡಿಸುವ ಬಗೆ) ಹೊರಡಿಸಿದವರು, ಅದನ್ನು ಕೇಳಿ ಬೆಳೆದ ಕರಾವಳಿಯ ಹುಡುಗರಿಗೆ ಜಾರು ಅಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮಿಡಿಯಲ್ಲಿ ಜಾರೂ, ಸ್ವರವನ್ನು ಓಲಾಡಿಸುವ ಕಂಪಿತವೂ ಹೋಗುವುದು ಒಂದೇ ಬೆಂಡ್ ಸಂದೇಶದಲ್ಲಿ. ಎರಡೂ ಬೇರೆ ಗಮಕ, ಒಂದರ ಹೆಸರು ಇನ್ನೊಂದಕ್ಕೆ ಇಡುವ ಹಾಗಿಲ್ಲ.

ಈ ಭೇದ ಹೊಂದಿಸುವಾಗಲೂ ಕಾಡುತ್ತದೆ. ಬೆಂಡ್ ಸಾಮಾನ್ಯವಾಗಿ ಮೇಲಕ್ಕೆ ಎರಡು ಸ್ವರಸ್ಥಾನ (ಒಂದು ಸ್ಥಾಯಿಯಲ್ಲಿ ಇವು ಹನ್ನೆರಡು), ಕೆಳಕ್ಕೆ ಎರಡು ಅಂತ ಇರುತ್ತದೆ. ಷಡ್ಜದಿಂದ ಪಂಚಮಕ್ಕೆ ಒಂದೇ ಎಳೆಯಲ್ಲಿ ಜಾರಬೇಕೆಂದರೆ ಏಳು ಬೇಕು. ಸರಿ, 12ಕ್ಕೆ ಏರಿಸಿದಿರಿ ಅನ್ನಿ. ಬೆಂಡ್‌ಗೆ 16,384 ಮೆಟ್ಟಿಲುಗಳಿರುವುದರಿಂದ ನುಣುಪೇನೂ ಕೆಡುವುದಿಲ್ಲ. ಆದರೆ ತುಟಿಯ ಒತ್ತನ್ನು ಬೆಂಡ್‌ಗೆ ಕಟ್ಟಿ ಕಂಪಿತಕ್ಕೆ ತುಟಿ ಒತ್ತುತ್ತಿದ್ದರೆ, ಮೊದಲಿನಷ್ಟೇ ಒತ್ತಿದರೂ ಸ್ವರ ಆರು ಪಟ್ಟು ದೂರ ಓಲಾಡಿಬಿಡುತ್ತದೆ! ಆಗ ತುಟಿಯ ಸೂಕ್ಷ್ಮತೆಯನ್ನು ಅಷ್ಟೇ ತಗ್ಗಿಸಬೇಕು. ಇದನ್ನೆಲ್ಲ ‘ಜಾರು’ ಅನ್ನುವ ಒಂದೇ ಪದದಲ್ಲಿ ಬರೆದು ನೋಡಿ, ವಾಕ್ಯವೇ ನಿಲ್ಲುವುದಿಲ್ಲ.

ಈಗ ಮನಸ್ಸಿಗೆ ಹತ್ತಿರವಾಗಿರುವುದು ‘ಎಳೆತ’. ವೈಣಿಕರು ತಂತಿ ಎಳೆದು ಗಮಕ ತೆಗೆಯುತ್ತಾರಲ್ಲ, ಅಲ್ಲಿಂದ. ಬೆಂಡ್ ರೇಂಜ್‌ಗೆ ‘ಎಳೆತದ ಹರವು’ ಅನ್ನುವುದೂ ಸಲೀಸಾಗಿ ಕೂರುತ್ತದೆ. ಒಂದೇ ಅನುಮಾನ: ವೀಣೆಯಲ್ಲಿ ತಂತಿ ಎಳೆದರೆ ಸ್ವರ ಏರುತ್ತದೆ, ಇಲ್ಲಿ ಇಳಿಯುವುದಕ್ಕೂ ಅದೇ ಪದ ಬೇಕು. ‘ಕೆಳಕ್ಕೆ ಎಳೆತ’ ಅಂದರೆ ನಿಮ್ಮ ಕಿವಿಗೆ ಸರಿಯೆನಿಸುತ್ತದಾ? ವೀಣೆ ಅಥವಾ ನಾಗಸ್ವರ ನುಡಿಸುವವರು ಯಾರಾದರೂ ಇದ್ದರೆ, ಮೇಲಿನ ಸ್ವರದಿಂದ ಕೆಳಗೆ ಬರುವುದಕ್ಕೆ ಪಾಠದಲ್ಲಿ ಏನೆಂದು ಹೇಳಿಕೊಡುತ್ತಾರೆ ತಿಳಿಸಿ.